ಡ್ರೋನ್ ಕ್ಯಾಮೆರಾದಿಂದ ಕೆರೆಯ ನೀಲಿ-ಹಸಿರು ಪಾಚಿ ಅಳೆಯುವುದು: ಫೈಕೊಸಯನಿನ್‌ಗೆ ನಾಲ್ಕು ಬ್ಯಾಂಡ್ ಸಾಕೇ?

ಕೆರೆದಂಡೆ_ವಿಜಯಪುರ

ನಮಸ್ಕಾರ. ವಿಜಯಪುರದ ಹತ್ತಿರ ಒಂದು ಕೆರೆ ಅದ, ನೀರು ಸುಮಾರು 40 ಎಕರೆ. ಬೇಸಿಗೆಯಲ್ಲಿ ಬೆಳಗಿನ ಹೊತ್ತು ಒಂದು ದಂಡೆಗೆ ಹಸಿರು ಬಣ್ಣ ಚೆಲ್ಲಿದ ಹಾಗೆ ಕೆನೆ ಕಟ್ಟುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೆಚ್ಚಿನದು ಮೈಕ್ರೊಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿ. ಕೆನೆ ಇಲ್ಲದ ಕಡೆ ನೀರು ಪುದೀನ ಚಟ್ನಿ ಕದಡಿದ ಹಾಗೆ ಕಾಣುತ್ತದೆ. ಎಂ.ಎಸ್ಸಿ. ಪ್ರಾಜೆಕ್ಟಿಗೆ ಇದರ ನಕ್ಷೆ ಬೇಕು. ಎಲ್ಲಿ ಕ್ಲೋರೊಫಿಲ್ ಎಷ್ಟಿದೆ, ಅದರಲ್ಲಿ ನೀಲಿ-ಹಸಿರು ಪಾಚಿಯ ಪಾಲೆಷ್ಟು ಎಂಬುದು ಗೊತ್ತಾಗಬೇಕು. ಪಾಲಿಗೆ ಗುರುತಾಗಿ ಫೈಕೊಸಯನಿನ್, ಅಂದರೆ ಆ ಪಾಚಿಯ ನೀಲಿ ವರ್ಣದ್ರವ್ಯವನ್ನು ಹಿಡಿಯುವ ಆಸೆ.

ಕೈಯಲ್ಲಿರುವುದು ಡಿಜೆಐ ಮ್ಯಾವಿಕ್ 3 ಮಲ್ಟಿಸ್ಪೆಕ್ಟ್ರಲ್. ಅದು ಬೆಳಕು ಅಳೆಯುವ ತರಂಗಾಂತರದ ಪಟ್ಟಿಗಳು, ಅಂದರೆ ಬ್ಯಾಂಡ್‌ಗಳು, 560, 650, 730 ಮತ್ತು 860 ನ್ಯಾನೊಮೀಟರ್. ಮೇ ಮೊದಲ ವಾರ ಮಧ್ಯಾಹ್ನ 12ಕ್ಕೆ, 100 ಮೀಟರ್ ಎತ್ತರದಲ್ಲಿ, ಚಿತ್ರಗಳು ಮುಂದಕ್ಕೆ 80%, ಪಕ್ಕಕ್ಕೆ 70% ಒಂದರ ಮೇಲೊಂದು ಬರುವ ಹಾಗೆ ಓವರ್‌ಲ್ಯಾಪ್ ಇಟ್ಟು ಹಾರಿಸಿದ ಚಿತ್ರಗಳಿವೆ. ಬಿಳಿ ಪ್ಯಾನಲ್‌ನಿಂದ ಪ್ರತಿಫಲನಕ್ಕೆ ಬದಲಿಸಿದಾಗ ಬಂದ ಅಂಕಿ:

ಕೆನೆ ಇಲ್ಲದ ಹಸಿರು ನೀರು: 560ರಲ್ಲಿ 0.062, 650ರಲ್ಲಿ 0.034, 730ರಲ್ಲಿ 0.041, 860ರಲ್ಲಿ 0.022.
ಕೆನೆ: ಅದೇ ಕ್ರಮದಲ್ಲಿ 0.090, 0.050, 0.190, 0.240.

ತೊಂದರೆ ನಾಲ್ಕು. ಚಿತ್ರ ಜೋಡಿಸಿದಾಗ ಕೆರೆಯ ನಡುಭಾಗ ಖಾಲಿ ತೂತಾಗಿ ಬರುತ್ತದೆ. ಪ್ರತಿ ಫ್ರೇಮಿನ ಮಧ್ಯದಲ್ಲಿ ಬೆಳ್ಳನೆಯ ಹೊಳಪಿನ ಮಚ್ಚೆ ಇದೆ. 560/650 ಅನುಪಾತ ಹಸಿರು ಜಾಸ್ತಿ ಇದ್ದ ಕಡೆ ಏರುತ್ತದೆ, ಅದನ್ನು ಫೈಕೊಸಯನಿನ್ ಸೂಚ್ಯಂಕ ಎಂದು ಬರೆಯಬಹುದೇ? ಕೊನೆಯದು, ನೀರಿನ ಮಾದರಿ ತಂದು ಲ್ಯಾಬಿನಲ್ಲಿ ಏನೇನು ಅಳೆಯಬೇಕು?

ಪಟ್ಟಿಮಾಪಕ

ಮೂರನೆಯ ಪ್ರಶ್ನೆಯನ್ನೇ ಮೊದಲು ಹಿಡಿಯೋಣ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಬರೆಯಬೇಡಿ. ಈ ಕ್ಯಾಮೆರಾ ಫೈಕೊಸಯನಿನ್ ಅನ್ನು ಕ್ಲೋರೊಫಿಲ್‌ನಿಂದ ಬೇರ್ಪಡಿಸಿ ತೋರಿಸುವುದಿಲ್ಲ.

ಮೈಕ್ರೊಸಿಸ್ಟಿಸ್ ತುಂಬಿದ ನೀರಿನ ಪ್ರತಿಫಲನದ ಗೆರೆ ಹೇಗಿರುತ್ತದೆ ಎಂಬುದನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಿ. 400ರಿಂದ 500ರವರೆಗೆ ತಗ್ಗು, ಅಲ್ಲಿ ಕ್ಲೋರೊಫಿಲ್, ಕ್ಯಾರೊಟಿನಾಯ್ಡ್, ಕೊಳೆತ ಎಲೆಯ ಹಳದಿ ಕರಗು ಎಲ್ಲವೂ ಬೆಳಕು ಹೀರುತ್ತವೆ. 550–560ರಲ್ಲಿ ಒಂದು ಉಬ್ಬು, ಕಣ್ಣಿಗೆ ಕಾಣುವ ಹಸಿರು ಅದೇ. 620ರ ಹತ್ತಿರ ಒಂದು ತಗ್ಗು, ಅದು ಫೈಕೊಸಯನಿನ್. 650ರಲ್ಲಿ ಸಣ್ಣ ಗುಬ್ಬಿ. 665–675ರಲ್ಲಿ ಆಳದ ತಗ್ಗು, ಅದು ಕ್ಲೋರೊಫಿಲ್-ಎ. 700–710ರಲ್ಲಿ ಚೂಪು ಶಿಖರ. ಆಮೇಲೆ ಇಳಿಜಾರು, ಯಾಕೆಂದರೆ ಅಲ್ಲಿಂದ ಮುಂದೆ ನೀರೇ ಬೆಳಕನ್ನು ನುಂಗುತ್ತದೆ. ಆ 700–710ರ ಶಿಖರ ಯಾವ ವರ್ಣದ್ರವ್ಯದ್ದೂ ಅಲ್ಲ. ಒಂದು ಬದಿಯಲ್ಲಿ ಕ್ಲೋರೊಫಿಲ್ ಹೀರಿಕೆ ಮುಗಿದು ಇನ್ನೊಂದು ಬದಿಯಲ್ಲಿ ನೀರಿನ ಹೀರಿಕೆ ಶುರುವಾಗುವ ಸಂದಿನಲ್ಲಿ ಜೀವಕೋಶಗಳು ಚದುರಿಸಿದ ಬೆಳಕು ಅದು. ಪಾಚಿ ದಟ್ಟವಾದಷ್ಟೂ ಎತ್ತರ ಬೆಳೆದು ಉದ್ದ ತರಂಗಾಂತರದ ಕಡೆ ಸರಿಯುತ್ತದೆ.

ಈಗ ಇದರ ಮೇಲೆ ನಿಮ್ಮ ಬ್ಯಾಂಡ್‌ಗಳನ್ನು ಇಟ್ಟು ನೋಡಿ. 650ರ ಬ್ಯಾಂಡ್ ಆಚೀಚೆ 16 ನ್ಯಾ.ಮೀ., ಅಂದರೆ 634ರಿಂದ 666. ಫೈಕೊಸಯನಿನ್ ತಗ್ಗಿನ ಬಲ ಅಂಚು, ನಡುವಿನ ಗುಬ್ಬಿ, ಕ್ಲೋರೊಫಿಲ್ ತಗ್ಗಿನ ಎಡ ಅಂಚು ಮೂರನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ. 620ರಲ್ಲಿ ಬ್ಯಾಂಡೇ ಇಲ್ಲ. 560/650 ಏರಿದ್ದು ನಿಜ, ಆದರೆ ಅಪ್ಪಟ ಹಸಿರು ಪಾಚಿ ಇದ್ದರೂ ಅದು ಏರುತ್ತದೆ, ಮಣ್ಣು ಕದಡಿದರೆ ಇಳಿಯುತ್ತದೆ. 730ರ ಬ್ಯಾಂಡ್ 714ರಿಂದ 746, ಶಿಖರ ದಾಟಿದ ಮೇಲಿನ ಇಳಿಜಾರು. ಹಾಗಾಗಿ 730 ಮತ್ತು 650 ಇಟ್ಟುಕೊಂಡು ಸೂತ್ರ ಹಾಕಿ ಅದಕ್ಕೆ ಎನ್‌ಡಿಸಿಐ (ನೀರಿನ ಕ್ಲೋರೊಫಿಲ್ ಸೂಚ್ಯಂಕ) ಎಂದು ಹೆಸರಿಡುವುದೂ ಸರಿಯಲ್ಲ. ಆ ಸೂಚ್ಯಂಕ 708 ಮತ್ತು 665ರದು: ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸುವುದು.

ನಿಮ್ಮ ಅಂಕಿಯಿಂದ ಹೊರಡುವುದು ಇಷ್ಟು. ಗಿಡಗಳ ಹಸಿರು ಅಳೆಯುವ ಎನ್‌ಡಿವಿಐ (860 ಮತ್ತು 650ರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದ್ದು) ಹಸಿರು ನೀರಿಗೆ −0.21, ಕೆನೆಗೆ 0.66. ಕೆನೆ ನೀರಿನ ಮೇಲೆ ತೇಲುತ್ತಿರುವುದರಿಂದ 860ರ ಬೆಳಕನ್ನು ನೀರು ನುಂಗುವ ಮೊದಲೇ ಅದು ವಾಪಸ್ ಬರುತ್ತದೆ, ಹೊಲದ ಬೆಳೆಯ ಹಾಗೆಯೇ. ಅಂದರೆ ಕೆನೆ ಎಲ್ಲಿದೆ, ಎಷ್ಟು ಚದರ ಮೀಟರ್ ಹರಡಿದೆ ಎನ್ನುವುದನ್ನು ಈ ಕ್ಯಾಮೆರಾ ಚೆನ್ನಾಗಿ ಹೇಳುತ್ತದೆ. ಕೆನೆ ಇಲ್ಲದ ನೀರಿನಲ್ಲಿ 730/650 ಅನುಪಾತವನ್ನು ನಿಮ್ಮದೇ ಕೆರೆಯ 20–30 ಮಾದರಿಗಳ ಕ್ಲೋರೊಫಿಲ್ ಜೊತೆ ಹೊಂದಿಸಿದರೆ ಸ್ಥಳೀಯ ಅಂದಾಜು ಸಿಗುತ್ತದೆ. ಎರಡನ್ನೂ ಒಂದೇ ಸಮೀಕರಣಕ್ಕೆ ಸೇರಿಸಬೇಡಿ. ಕೆನೆಯ ಒಂದೇ ಒಂದು ಬಿಂದು ಮೇಲೆ ಮೂಲೆಯಲ್ಲಿ ಕೂತು ಗೆರೆಯನ್ನು ತನ್ನ ಕಡೆ ಎಳೆದುಕೊಂಡು ಆರ್-ಸ್ಕ್ವೇರ್ (ಗೆರೆ ಎಷ್ಟು ಹೊಂದಿತು ಎಂಬ ಅಳತೆ, 1 ಎಂದರೆ ಪೂರ್ತಿ) 0.95 ತೋರಿಸುತ್ತದೆ. ಆ ಬಿಂದು ತೆಗೆದರೆ ಉಳಿಯುವುದು ಏನೂ ಇಲ್ಲ. ಪ್ರಬಂಧಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ.

ಮೈಕಾಸೆನ್ಸ್‌ನ 10 ಬ್ಯಾಂಡ್ ಜೋಡಿ ಕ್ಯಾಮೆರಾ ಸಿಕ್ಕರೆ 668 ಮತ್ತು 705 ಎರಡೂ ಇವೆ, ಕ್ಲೋರೊಫಿಲ್‌ಗೆ ಅದು ನಿಜಕ್ಕೂ ಸರಿಯಾದ ಸಲಕರಣೆ. ಅದರಲ್ಲೂ 620 ಇಲ್ಲ. ಫೈಕೊಸಯನಿನ್‌ಗೆ ಬಿಡಿಬಿಡಿ ಬ್ಯಾಂಡ್ ಬಿಟ್ಟು ಇಡೀ ಪಟ್ಟಿ ಕೊಡುವ ಹೈಪರ್‌ಸ್ಪೆಕ್ಟ್ರಲ್ ಬೇಕು. ಅದು ಸಿಕ್ಕರೆ ಸೂತ್ರ ಸರಳ: 600 ಮತ್ತು 648ರ ಪ್ರತಿಫಲನದ ಸರಾಸರಿಯಿಂದ 624ರದನ್ನು ಕಳೆಯಿರಿ, ಅದು ತಗ್ಗಿನ ಆಳ. ಅಥವಾ 650/625 ಅನುಪಾತ. ಎರಡಕ್ಕೂ ಒಂದು ಅಡ್ಡಿ ಇದೆ. 620ರ ಹತ್ತಿರ ಕ್ಲೋರೊಫಿಲ್-ಎ ಕೂಡ ಸ್ವಲ್ಪ ಹೀರುತ್ತದೆ, ಡಯಾಟಮ್ ಎಂಬ ಗಾಜುಚಿಪ್ಪಿನ ಪಾಚಿಗಳ ಕ್ಲೋರೊಫಿಲ್-ಸಿ 630ರ ಸುತ್ತ ಹೀರುತ್ತದೆ. ಫೈಕೊಸಯನಿನ್ ಕಡಿಮೆ ಇದ್ದು ಡಯಾಟಮ್ ಜಾಸ್ತಿ ಇದ್ದ ದಿನ ಸೂತ್ರ ಇಲ್ಲದ್ದನ್ನು ಇದೆ ಎನ್ನುತ್ತದೆ. ಪಾಚಿ ದಟ್ಟವಾಗಿರುವ ಕೆರೆಗಳಲ್ಲಿ ನಂಬಬಹುದು, ತಿಳಿನೀರಿನಲ್ಲಿ ಬೇಡ.

ವಿಮಾನದಿಂದ ಇದನ್ನು ಮಾಡಿದ ಹಳೆಯ ಉದಾಹರಣೆ ಎಂದರೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಉಪ್ಪಿನ ಮಡಿಗಳು. ಒಂದೊಂದು ಮಡಿಯ ಉಪ್ಪಿನ ಪ್ರಮಾಣ ಬೇರೆ, ಹಾಗಾಗಿ ಒಂದರಲ್ಲಿ ಹಸಿರು ಪಾಚಿ, ಇನ್ನೊಂದರಲ್ಲಿ ಕಿತ್ತಳೆ ಬಣ್ಣದ ಡ್ಯುನಲಿಯೆಲ್ಲ ಪಾಚಿ, ಮತ್ತೊಂದರಲ್ಲಿ ಕೆಂಪು ಹ್ಯಾಲೊಬ್ಯಾಕ್ಟೀರಿಯಾ. ನಾಸಾದ ಏವಿರಿಸ್ ಉಪಕರಣದ 224 ಬ್ಯಾಂಡ್‌ಗಳ ಗೆರೆಯನ್ನು ಗಣಿತದಲ್ಲಿ ಡೆರಿವೇಟಿವ್ ತೆಗೆದು (ಗೆರೆ ಎಲ್ಲೆಲ್ಲಿ ಎಷ್ಟು ಬೇಗ ಏರಿಳಿಯುತ್ತದೆ ಎಂದು ಲೆಕ್ಕ ಹಾಕಿ), ಒಂದರೊಳಗೊಂದು ಬೆರೆತ ತಗ್ಗುಗಳನ್ನು ಬಿಡಿಸಿದರು. ಅದರ ಮುಂದಿನ ಪೀಳಿಗೆಯ ಏವಿರಿಸ್-ಎನ್‌ಜಿ 5 ನ್ಯಾ.ಮೀ. ಅಂತರದಲ್ಲಿ ಅಳೆಯುತ್ತದೆ. ಇಸ್ರೊ ಜೊತೆಗೂಡಿ 2015–16ರಲ್ಲಿ ಭಾರತದ ಮೇಲೂ ಹಾರಿದೆ. ಡೆರಿವೇಟಿವ್ ತೆಗೆಯುವಾಗ ಒಂದು ಎಚ್ಚರ: ಗೆರೆಯ ನಡುಕ ಪ್ರತಿ ಸಲ ದೊಡ್ಡದಾಗುತ್ತ ಹೋಗುತ್ತದೆ. ಮೊದಲು ಸವಿಟ್ಸ್ಕಿ–ಗೋಲೇ ಎಂಬ ಗಣಿತದ ಸೋಸುಗ ಹಾಕಿ ನಯ ಮಾಡಿ. ಸೋಸುಗದ ಅಗಲ 15 ನ್ಯಾ.ಮೀ. ಆಸುಪಾಸು ಇರಲಿ, 40 ಇಟ್ಟರೆ 620ರ ತಗ್ಗೇ ಅಳಿಸಿಹೋಗುತ್ತದೆ. ಎರಡನೇ ಡೆರಿವೇಟಿವ್‌ಗೆ ನಿಲ್ಲಿಸುವುದು ಮೇಲು.

ಅಷ್ಟು ಖರ್ಚು ಆಗದಿದ್ದರೆ ವಿಭಾಗದಲ್ಲಿ ಕೈಯಲ್ಲಿ ಹಿಡಿಯುವ ಸ್ಪೆಕ್ಟ್ರೊರೇಡಿಯೊಮೀಟರ್ (ಒಂದೊಂದು ತರಂಗಾಂತರದ ಬೆಳಕನ್ನೂ ಅಳೆಯುವ ಉಪಕರಣ) ಇದೆಯೇ ಕೇಳಿ. ತೆಪ್ಪದಿಂದ ಮೂರು ಅಳತೆ: ನೀರು, ಆಕಾಶ, ಬೂದು ಪ್ಯಾನಲ್. ನೀರನ್ನು ನೇರ ಕೆಳಮುಖಕ್ಕೆ 40 ಡಿಗ್ರಿ ಓರೆಯಲ್ಲಿ, ಸೂರ್ಯನ ದಿಕ್ಕಿನಿಂದ 135 ಡಿಗ್ರಿ ತಿರುಗಿ ನೋಡಬೇಕು. ಆಕಾಶವನ್ನು ಅದೇ ದಿಕ್ಕಿನಲ್ಲಿ, ನೆತ್ತಿಯಿಂದ 40 ಡಿಗ್ರಿ ಓರೆಯಲ್ಲಿ. ನೀರಿನ ಅಳತೆಯಿಂದ ಆಕಾಶದ ಅಳತೆಯ 0.028 ಪಾಲು ಕಳೆದು, ಪ್ಯಾನಲ್‌ನಿಂದ ಬಂದ ಕೆಳಬರುವ ಬೆಳಕಿನಿಂದ ಭಾಗಿಸಿ. ಗಾಳಿ ಸೆಕೆಂಡಿಗೆ 5 ಮೀಟರ್ ದಾಟಿದರೆ ಆ 0.028 ನಡೆಯುವುದಿಲ್ಲ. ಒಂದೊಂದು ಜಾಗದಲ್ಲಿ ಹತ್ತು ಗೆರೆ ತೆಗೆದು, ಹೊಳಪು ಬಡಿದ ಮೇಲಿನ ಗೆರೆಗಳನ್ನು ಬಿಸಾಕಿ.

ಗಾಳಿಪಟ_ಬೆಳಗಾವಿ

ಹಾರಾಟದ ಮಾತು ನಾ ಹೇಳ್ತೀನ್ರಿ. ಮೇ ತಿಂಗಳ ಮೊದಲ ವಾರ, ಮಧ್ಯಾಹ್ನ 12ಕ್ಕ! ವಿಜಯಪುರ ಇರೂದು 16.8 ಡಿಗ್ರಿ ಅಕ್ಷಾಂಶದಾಗ. ಮೇ 7ರ ಆಸುಪಾಸು ಮತ್ತ ಆಗಸ್ಟ್ 5ರ ಆಸುಪಾಸು ಸೂರ್ಯ ನಿಮ್ಮ ನೆತ್ತಿ ಮ್ಯಾಲ ನೆಟ್ಟಗ ಇರ್ತಾನ. ನಡುಹೊತ್ತು ಗಡಿಯಾರದ 12ಕ್ಕ ಅಲ್ಲ, ಮೇದಾಗ 12:24ಕ್ಕ. ಕ್ಯಾಮೆರಾ ಕೆಳಗ ನೋಡ್ತೈತಿ, ಸೂರ್ಯ ಅದರ ಬೆನ್ನ ಹಿಂದ, ನೀರು ಕನ್ನಡಿ. ಹೊಳಪು ಫ್ರೇಮಿನ ನಡುವ ಬರದ ಇನ್ನೆಲ್ಲಿ ಬರಬೇಕ್ರಿ?

ನಿಮ್ಮ ಮಲ್ಟಿಸ್ಪೆಕ್ಟ್ರಲ್ ಕ್ಯಾಮೆರಾದ ನೋಟ ಮೂಲಿಯಿಂದ ಮೂಲಿಗೆ ಸುಮಾರು 74 ಡಿಗ್ರಿ, ಅರ್ಧ ಅಂದ್ರ 37. ಸೂರ್ಯ ನೆತ್ತಿಯಿಂದ 40 ಡಿಗ್ರಿಗಿಂತ ಜಾಸ್ತಿ ವಾಲಿದ್ರ ಹೊಳಪು ಫ್ರೇಮಿನ ಹೊರಗ ಹೋಗ್ತೈತಿ. ಸಣ್ಣ ತೆರಿ ಇದ್ರ ಇನ್ನೂ ಸ್ವಲ್ಪ ಜಾಸ್ತಿ ಬೇಕು. ಮೇದಾಗ ಅದಕ್ಕ ಬೆಳಿಗ್ಗೆ 8ರಿಂದ 9:30 ಹೊತ್ತು ಹಿಡೀರಿ. ಆ ಹೊತ್ತಿಗೆ ಗಾಳೀನೂ ಕಡಿಮಿ ಇರ್ತೈತಿ. ಡಿಸೆಂಬರದಾಗ ನಡುಮಧ್ಯಾಹ್ನಕ್ಕೂ ಸೂರ್ಯ 40 ಡಿಗ್ರಿ ವಾಲಿರ್ತಾನ, ಬೆಳಿಗ್ಗೆ 10–11ಕ್ಕ ಆರಾಮ ಹಾರಿಸಬಹುದು. ಇದ್ದ ಹಳೇ ಚಿತ್ರದಾಗ ಹೊಳಪು ತೆಗಿಯಾಕ ಇನ್ಫ್ರಾರೆಡ್ ಬ್ಯಾಂಡ್ ಕಳಿಯೂ ಸೂತ್ರ ಹಾಕಬ್ಯಾಡ್ರಿ. ಅದು ನೀರಿನಿಂದ 860ರಾಗ ಏನೂ ಬರೂದಿಲ್ಲ ಅಂತ ಹಿಡ್ಕೊಂಡು ಮಾಡಿದ ಸೂತ್ರ. ನಿಮ್ಮ ನೀರಾಗ 0.022 ಬರ್ತೈತಿ, ಅದು ಪಾಚಿದು. ಸೂತ್ರ ಹಾಕಿದ್ರ ಹೊಳಪಿನ ಜೋಡಿ ಪಾಚೀನೂ ತೊಳದು ಹೋಗ್ತೈತಿ.

ಚಿತ್ರ ಜೋಡಿಸೂ ವಿಚಾರ. 100 ಮೀಟರ್ ಎತ್ತರದಿಂದ ಒಂದು ಪಿಕ್ಸೆಲ್ ನಾಕೂವರಿ ಸೆಂಟಿಮೀಟರ್, ಒಂದು ಫ್ರೇಮು ಸುಮಾರು 120 ಮೀಟರ್ ಅಗಲ, 90 ಮೀಟರ್ ಉದ್ದ. 40 ಎಕರೆ ಅಂದ್ರ ಹೆಚ್ಚು ಕಡಿಮಿ 400 ಮೀಟರಿಗೆ 400 ಮೀಟರ್. ನಡುವಿನ ಫ್ರೇಮಿನಾಗ ದಂಡಿ ಕಾಣೂದಿಲ್ಲ, ಬರೇ ನೀರು. ಸಾಫ್ಟ್‌ವೇರಿಗೆ ಗುರುತು ಹಿಡಿಯಾಕ ಕಲ್ಲಿಲ್ಲ ಗಿಡ ಇಲ್ಲ, ಇರೂ ತೆರಿ ಎರಡು ಫೋಟೋದ ನಡುವ ಸರ್ದಿರ್ತಾವ. ಓವರ್‌ಲ್ಯಾಪ್ 90 ಇಟ್ರೂ ತೂತು ತೂತೇ. ಅದಕ್ಕ ಜೋಡಿಸೂ ಹಟ ಬಿಡ್ರಿ. ಪ್ರತಿ ಫೋಟೋದ ಒಳಗ ಜಾಗ, ಎತ್ತರ, ತಿರುಗಿದ ಕೋನ ಬರದಿರ್ತೈತಿ. ನೀರಿನ ಮಟ್ಟ ಸಪಾಟು. ಆ ಮಟ್ಟದ ಮ್ಯಾಲ ಒಂದೊಂದೇ ಫ್ರೇಮ್ ಹಾಸ್ರಿ. ಫ್ರೇಮಿನ ಅಂಚು ಬಿಟ್ಟು ನಡುವಿನ ಮೂರನೇ ಒಂದು ಭಾಗ ಅಷ್ಟ ತಗೊಳ್ರಿ, ಲೆನ್ಸಿನ ಅಂಚಿನ ಕಪ್ಪು ಕಾಟಾನೂ ತಪ್ಪತೈತಿ. ಆರ್‌ಟಿಕೆ (ಜಿಪಿಎಸ್ ಜಾಗವನ್ನ ಸೆಂಟಿಮೀಟರ್ ತನಕ ತಿದ್ದೂ ಸಲಕರಣಿ) ಇದ್ರ ಜಾಗ ಇನ್ನೂ ಪಕ್ಕಾ.

ಬಿಳಿ ಪ್ಯಾನಲ್ ಒಂದರ ಮ್ಯಾಲ ನಂಬಿಕಿ ಇಡಬ್ಯಾಡ್ರಿ. ನೀರಿನ ಪ್ರತಿಫಲನ 2ರಿಂದ 6 ಪರ್ಸೆಂಟ್, ನಿಮ್ಮ ಅಳತಿ ಎಲ್ಲಾ ಸೆನ್ಸರಿನ ಕತ್ತಲ ತುದಿಯಾಗ ನಡೀತೈತಿ. ಬಿಳಿ ಪ್ಯಾನಲ್ ಇರೂದು ಇನ್ನೊಂದು ತುದಿಯಾಗ. 5–10 ಪರ್ಸೆಂಟಿನ ಕಡುಬೂದು ಪ್ಯಾನಲ್ ಒಂದು ಜೋಡಿ ಇಡ್ರಿ, ಎರಡು ಬಿಂದುವಿನ ನಡುವ ಗೆರಿ ಎಳೀರಿ. ಹಾರೂಕಿಂತ ಮೊದಲ ಒಂದ ಸಲ, ಇಳಿದ ಮ್ಯಾಲ ಒಂದ ಸಲ ಫೋಟೋ. ನಿಮ್ಮ ನೆರಳು, ಬಿಳಿ ಅಂಗಿಯ ಬೆಳಕು ಪ್ಯಾನಲ್ ಮ್ಯಾಲ ಬೀಳಬಾರದು. ಪಿಕ್ಸೆಲ್ ಒಂದೊಂದ ಓದೂದು ಬಿಟ್ಟು 20ಕ್ಕ 20 ಪಿಕ್ಸೆಲಿನ ಮೀಡಿಯನ್ (ಸಾಲಾಗಿ ಇಟ್ರ ನಡುವ ಬರೂ ಅಂಕಿ) ತಗೊಳ್ರಿ. ಸುಮಾರು ಒಂದು ಮೀಟರ್ ಚೌಕ, ನಡುಕ ಇಳೀತೈತಿ.

ಮಾದರಿ ತಗೊಂಡ ಜಾಗ ಚಿತ್ರದಾಗ ಗುರುತು ಸಿಗಬೇಕು. ಮೊಬೈಲ್ ಜಿಪಿಎಸ್ ಐದು ಮೀಟರ್ ಆಚೀಚಿ ಹೇಳ್ತೈತಿ, ನಿಮ್ಮ ಪಿಕ್ಸೆಲ್ ನಾಕೂವರಿ ಸೆಂಟಿಮೀಟರ್. ಎರಡು ಅಡಿಯ ಥರ್ಮಾಕೋಲ್ ತುಂಡಿಗೆ ಹಗ್ಗ ಕಟ್ಟಿ, ತಳಕ್ಕ ಕಲ್ಲು ಬಿಟ್ಟು ತೇಲಿಸ್ರಿ. ಅದರಿಂದ ಒಂದೆರಡು ಮೀಟರ್ ಬಿಟ್ಟು ನೀರು ಓದ್ರಿ, ಬಿಳಿ ತುಂಡಿನ ಬೆಳಕು ಪಕ್ಕದ ಪಿಕ್ಸೆಲಿಗೆ ಸೋರಿರ್ತೈತಿ. ಮೊದಲು ಡ್ರೋನ್ ಹಾರಲಿ, ಆಮ್ಯಾಲ ತೆಪ್ಪ. ತೆಪ್ಪ ಮೊದಲ ಹೋದ್ರ ಕೆನಿ ಹರದು ಹೋಗಿರ್ತೈತಿ.

ಮತ್ತ ಪರವಾನಗಿ. ಎಲ್ಲಿ ಡ್ರೋನ್ ಹಾರಿಸಬಹುದು ಅಂತ ತೋರಸೂ ಸರಕಾರದ ಡಿಜಿಟಲ್ ಸ್ಕೈ ನಕ್ಷೆ ಹಾರಿಸೂ ದಿನಾನ ನೋಡ್ರಿ. ಹಸಿರು ವಲಯದಾಗ 400 ಅಡಿ ತನಕ. ವಿಮಾನ ನಿಲ್ದಾಣದ ಅಂಚಿನಿಂದ 8ರಿಂದ 12 ಕಿಲೋಮೀಟರ್ ಒಳಗಿದ್ರ 200 ಅಡಿ ಅಷ್ಟ. ಸಾಂಬ್ರಾ ವಿಮಾನ ನಿಲ್ದಾಣ ಹತ್ತಿರ ಇರೂದ್ರಿಂದ ಬೆಳಗಾವಿ ಕಡಿ ಕೆರಿಗೋಳಿಗೆ ಈ ಲೆಕ್ಕ ಬಾಳ ಬರ್ತೈತಿ.

ನಳಿಗೆ_ಬಾಗಲಕೋಟೆ

ಲ್ಯಾಬಿನ ಭಾಗ. ಹಾರಾಟ ಮುಗಿದ ಒಂದು ಗಂಟೆಯೊಳಗೆ ಮಾದರಿ ಎತ್ತಬೇಕು. ಮೈಕ್ರೊಸಿಸ್ಟಿಸ್ ಕೋಶದೊಳಗೆ ಗಾಳಿಚೀಲಗಳಿರುತ್ತವೆ. ನೀರು ಅಲುಗದ ಬೆಳಗಿನಲ್ಲಿ ಮೇಲೇರಿ ಕೆನೆ ಕಟ್ಟುತ್ತದೆ, ಗಾಳಿ ಎದ್ದ ಮೇಲೆ ಕದಡಿ ಕೆಳಗೆ ಬೆರೆಯುತ್ತದೆ. 8:30ರ ಚಿತ್ರಕ್ಕೆ 11:30ರ ನೀರು ಹೊಂದುವುದಿಲ್ಲ.

ಬಕೆಟ್ ಮುಳುಗಿಸಬೇಡಿ. ಒಂದು ಅಡಿ ಉದ್ದದ ಅಕ್ರಿಲಿಕ್ ಕೊಳವೆಯನ್ನು ನೆಟ್ಟಗೆ ಇಳಿಸಿ, ಕೆಳಗಿನ ಬಾಯಿಗೆ ರಬ್ಬರ್ ಬಿರಡೆ ಒತ್ತಿ ಎತ್ತಿ. ಮೇಲಿನ 30 ಸೆಂ.ಮೀ. ನೀರು ಹಾಗೇ ಬರುತ್ತದೆ. ಕೆನೆ ಇದ್ದ ಕಡೆ ಕೆನೆಯನ್ನು ಬೇರೆ ಬಾಟಲಿಗೆ. ಕೈಗವಸು ಹಾಕಿ. ಬಾಟಲಿ ಕಪ್ಪಗಿರಲಿ, ಇಲ್ಲವೇ ಅಲ್ಯೂಮಿನಿಯಂ ಹಾಳೆ ಸುತ್ತಿ, ಐಸ್ ಡಬ್ಬಿಯಲ್ಲಿಡಿ. ಅವತ್ತೇ ಸೋಸಿ.

ಕ್ಲೋರೊಫಿಲ್-ಎ: 47 ಮಿ.ಮೀ. ಜಿಎಫ್/ಎಫ್ ಗಾಜುನಾರಿನ ಸೋಸುಕಾಗದ. ಹಸಿರು ನೀರಾದರೆ 100–200 ಮಿ.ಲೀ. ದಾಟುವಷ್ಟರಲ್ಲಿ ಕಟ್ಟಿಕೊಳ್ಳುತ್ತದೆ, ಎಷ್ಟು ದಾಟಿತೋ ಅದನ್ನು ಬರೆದಿಡಿ. ಸೋಸುಕಾಗದವನ್ನು 90% ಅಸಿಟೋನಿನಲ್ಲಿ ಅರೆಯಿರಿ, ಬರೀ ನೆನೆಸಿದರೆ ಸಾಲದು. ಮೈಕ್ರೊಸಿಸ್ಟಿಸ್ ಗುಂಪಿನ ಲೋಳೆ ಅಸಿಟೋನನ್ನು ಒಳಗೆ ಬಿಡಲು ಸತಾಯಿಸುತ್ತದೆ. ಒಟ್ಟು 10 ಮಿ.ಲೀ. ಮಾಡಿ, ಕತ್ತಲಲ್ಲಿ 4 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು, ಸೆಂಟ್ರಿಫ್ಯೂಜ್ ಮಾಡಿ, ಸ್ಪೆಕ್ಟ್ರೊಫೋಟೊಮೀಟರ್‌ನಲ್ಲಿ 750, 664, 647, 630ರ ಬೆಳಕು ಎಷ್ಟು ಹೀರಿತು ಎಂದು ಓದಿ. ಉಳಿದ ಮೂರರಿಂದಲೂ 750ರ ಓದನ್ನು ಕಳೆಯಬೇಕು, ಅದು ಬರೀ ಕದಡು. ಓದುವ ಕುವೆಟ್ (ದ್ರವ ಹಾಕುವ ಸಣ್ಣ ಚೌಕ ಪಾತ್ರೆ) ಗಾಜಿನದೋ ಕ್ವಾರ್ಟ್ಜ್‌ನದೋ ಇರಲಿ. ಬಳಸಿ ಎಸೆಯುವ ಪಾಲಿಸ್ಟೈರೀನ್ ಕುವೆಟ್ಟಿಗೆ ಅಸಿಟೋನ್ ಹಾಕಿದರೆ ಒಳಗೋಡೆ ಮಂಜಾಗಿ 750ರ ಓದು ಕಣ್ಣೆದುರೇ ಏರುತ್ತ ಹೋಗುತ್ತದೆ.

ಸೂತ್ರ: 11.85 × (664ರ ಓದು) − 1.54 × (647ರ ಓದು) − 0.08 × (630ರ ಓದು). ಉದಾಹರಣೆಗೆ ಕಳೆದ ಮೇಲೆ 0.310, 0.085, 0.060 ಉಳಿದರೆ 3.54 ಮೈಕ್ರೊಗ್ರಾಂ ಪ್ರತಿ ಮಿ.ಲೀ. ಅಸಿಟೋನಿಗೆ. 10 ಮಿ.ಲೀ.ಯಿಂದ ಗುಣಿಸಿ, ಸೋಸಿದ 0.2 ಲೀಟರಿನಿಂದ ಭಾಗಿಸಿದರೆ ಲೀಟರಿಗೆ ಸುಮಾರು 177 ಮೈಕ್ರೊಗ್ರಾಂ. 664ರ ಓದು 0.8 ದಾಟಿದರೆ ತೆಳು ಮಾಡಿ ಮತ್ತೆ ಓದಿ.

ಫೈಕೊಸಯನಿನ್ ಅಸಿಟೋನಿಗೆ ಬರುವುದಿಲ್ಲ, ಅದು ನೀರಿನಲ್ಲಿ ಕರಗುವ ಪ್ರೋಟೀನು. ಎರಡನೇ ಸೋಸುಕಾಗದ ಬೇಕೇ ಬೇಕು. ಪಿಎಚ್ 7ರ ಫಾಸ್ಫೇಟ್ ಬಫರ್ 10 ಮಿ.ಲೀ.ಯಲ್ಲಿ ಹಾಕಿ, −20ಕ್ಕೆ ಹೆಪ್ಪುಗಟ್ಟಿಸಿ, ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಕತ್ತಲಲ್ಲಿ ಕರಗಿಸಿ. ಹೀಗೆ ಮೂರರಿಂದ ಐದು ಸಲ. ಹೊತ್ತಾಗುತ್ತದೆ ಅಂತ ಬಿಸಿನೀರಿನಲ್ಲಿ ಕರಗಿಸಿದರೆ ಪ್ರೋಟೀನು ಕೆಟ್ಟು ನೀಲಿ ಹೋಗುತ್ತದೆ. ಸೆಂಟ್ರಿಫ್ಯೂಜ್ ಮಾಡಿದ ಮೇಲೆ ದ್ರವ ತಿಳಿ ನೀಲಿ ಇರಬೇಕು. ಹಸಿರು ಕಂಡರೆ ಕೋಶದ ಚೂರು ಉಳಿದಿದೆ, ಮತ್ತೆ ತಿರುಗಿಸಿ. 615ರ ಓದಿನಿಂದ 652ರ ಓದಿನ 0.474 ಪಾಲು ಕಳೆದು 5.34ರಿಂದ ಭಾಗಿಸಿದರೆ ಮಿ.ಲೀ.ಗೆ ಇಷ್ಟು ಮಿಲಿಗ್ರಾಂ. 0.060 ಮತ್ತು 0.025 ಬಂದರೆ 0.0090. ಅದೇ 0.2 ಲೀಟರ್ ಲೆಕ್ಕದಲ್ಲಿ ಲೀಟರಿಗೆ ಸುಮಾರು 450 ಮೈಕ್ರೊಗ್ರಾಂ.

ಈ ಎರಡರ ಅನುಪಾತವನ್ನು ನೇರ 'ನೀಲಿ-ಹಸಿರು ಪಾಚಿಯ ಪಾಲು' ಎಂದು ಓದಬೇಡಿ. ನೀರಿನಲ್ಲಿ ಸಾರಜನಕ ಮುಗಿದರೆ ಮೈಕ್ರೊಸಿಸ್ಟಿಸ್ ತನ್ನ ಫೈಕೊಸಯನಿನ್ ಅನ್ನೇ ಒಡೆದು ತಿನ್ನುತ್ತದೆ. ಕೋಶದ ಸಂಖ್ಯೆ ಅಷ್ಟೇ ಇದ್ದರೂ ನೀಲಿ ಇಳಿಯುತ್ತದೆ. ಅದಕ್ಕೇ 50 ಮಿ.ಲೀ. ನೀರಿಗೆ ಲುಗಾಲ್ ಅಯೋಡಿನ್ ಹಾಕಿ ಎಣಿಕೆಗೆಂದು ಇಟ್ಟುಕೊಳ್ಳಿ. ಅಯೋಡಿನ್ ಬಣ್ಣ ಕೆಡಿಸುತ್ತದೆ, ವರ್ಣದ್ರವ್ಯದ ಬಾಟಲಿಗೆ ಅದು ಸೋಕಬಾರದು. ಮತ್ತೊಂದು, ಕೆರೆ ನೀರು ದನಕ್ಕೋ ಮನೆಗೋ ಹೋಗುತ್ತಿದ್ದರೆ ಈ ನಕ್ಷೆ ಇಟ್ಟುಕೊಂಡು ವಿಷ ಇದೆ, ಇಲ್ಲ ಎಂದು ಹೇಳಬೇಡಿ. ಮೈಕ್ರೊಸಿಸ್ಟಿಸ್ ಬಿಡುವ ವಿಷ ಮೈಕ್ರೊಸಿಸ್ಟಿನ್ ಬಣ್ಣವಿಲ್ಲದ ವಸ್ತು, ಅದರ ಪರೀಕ್ಷೆಯೇ ಬೇರೆ.

ದಿನ ಒಂದೇ ಆದರೆ 30 ಮಾದರಿ ತೆಗೆದರೂ ಅದು ಒಂದೇ ಸ್ಥಿತಿ. ಮೂರು ಬೇರೆ ದಿನ, ತಲಾ ಹತ್ತು. ಅದರಲ್ಲಿ ಮೂರನೇ ಒಂದು ಪಾಲು ಸಮೀಕರಣಕ್ಕೆ ಸೇರಿಸದೆ ತಾಳೆ ನೋಡಲು ಎತ್ತಿಡಿ.

ಕೆರೆದಂಡೆ_ವಿಜಯಪುರ

ಭಾಳ ಉಪಕಾರ ಆಯ್ತು ಎಲ್ಲರಿಂದ. 560/650 ಕೈಬಿಟ್ಟೆ. ಇನ್ನೆರಡು ಪ್ರಶ್ನೆ ಉಳಿದಾವ. ಪಟ್ಟಿಮಾಪಕ ಸರ್, ಸೆಂಟಿನೆಲ್-2 ಉಪಗ್ರಹಕ್ಕೆ 705ರ ಬ್ಯಾಂಡ್ ಇದೆಯಲ್ಲ, 40 ಎಕರೆಗೆ ಅದು ನಡೆಯುತ್ತದಾ? ಇನ್ನೊಂದು, ಕಬ್ಬಿನ ಸೀಮೆಯ ಒಂದು ತ್ಯಾಜ್ಯನೀರಿನ ಹೊಂಡದ ಡ್ರೋನ್ ಫೋಟೋ ಇದೆ. ಅಂಚಿನಲ್ಲಿ ನೇರಳೆ ಕಲೆತ ಗುಲಾಬಿ ಪಟ್ಟಿ. ಮಹಾರಾಷ್ಟ್ರದ ಲೋಣಾರ ಕೆರೆ ಗುಲಾಬಿ ಆಯಿತಲ್ಲ, ಅದೇ ಜೀವಿ ಇರಬಹುದಾ?

ಪಟ್ಟಿಮಾಪಕ

ನಡೆಯುತ್ತದೆ, ಡ್ರೋನಿಗಿಂತ ಚೆನ್ನಾಗಿ. 705ರ ಬ್ಯಾಂಡ್ 20 ಮೀಟರ್ ಪಿಕ್ಸೆಲ್, ನಿಮ್ಮ ಕೆರೆಗೆ ಸುಮಾರು 400 ಪಿಕ್ಸೆಲ್. ದಂಡೆಯ ಗಿಡಗಳ ಇನ್ಫ್ರಾರೆಡ್ ಬೆಳಕು ಅಂಚಿನ ನೀರಿಗೆ ಸೋರುವುದರಿಂದ ಸುತ್ತಲೂ ಎರಡು ಪಿಕ್ಸೆಲ್ ಬಿಡಿ, ಆಗಲೂ 250 ಉಳಿಯುತ್ತವೆ. 665ರ ಬ್ಯಾಂಡನ್ನು 20 ಮೀಟರಿಗೆ ತಂದು ಎನ್‌ಡಿಸಿಐ ಹಾಕಿ. ಸಿದ್ಧವಾಗಿ ಸಿಗುವ ಮಟ್ಟ-2ಎ ಚಿತ್ರ ಬೇಡ, ಅದರ ವಾತಾವರಣ ತಿದ್ದುಪಡಿ ನೆಲಕ್ಕಾಗಿ ಮಾಡಿದ್ದು. ತಿದ್ದುಪಡಿ ಮಾಡದ ಮಟ್ಟ-1ಸಿ ಇಳಿಸಿಕೊಂಡು, ನೀರಿಗೆಂದೇ ವಾತಾವರಣ ತಿದ್ದುವ ಅಕೊಲೈಟ್ ಸಾಫ್ಟ್‌ವೇರ್ ಅಥವಾ ಸ್ನ್ಯಾಪ್ ಸಾಫ್ಟ್‌ವೇರಿನ ಸಿ2ಆರ್‌ಸಿಸಿ ಓಡಿಸಿ. ಉಪಗ್ರಹ ಹಾದುಹೋಗುವುದು ನಮ್ಮಲ್ಲಿ ಸುಮಾರು 11 ಗಂಟೆಗೆ, ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಹೊಳಪಿನ ಕಾಟ ಅದಕ್ಕೂ ಇದೆ. 1610ರ ಬ್ಯಾಂಡಿನಲ್ಲಿ ನೀರು ಕಪ್ಪಗಿರಬೇಕು. ಅಲ್ಲಿ ಬೆಳ್ಳಗೆ ಕಂಡರೆ ಒಂದೋ ಹೊಳಪು, ಒಂದೋ ದಪ್ಪ ಕೆನೆ.

620ರ ಬ್ಯಾಂಡ್ ಇರುವುದು ಸೆಂಟಿನೆಲ್-3ರಲ್ಲಿ, ಆದರೆ ಪಿಕ್ಸೆಲ್ 300 ಮೀಟರ್. ನಿಮ್ಮ ಇಡೀ ಕೆರೆ ಎರಡು ಪಿಕ್ಸೆಲ್ ಆಗುವುದಿಲ್ಲ. ಆಲಮಟ್ಟಿ ಹಿನ್ನೀರಿನ ಅಗಲದ ಭಾಗಕ್ಕಾದರೆ ಅದನ್ನು ಬಳಸಿ. ನಡುವಿನ ದಾರಿ ಎಂದರೆ ಜರ್ಮನಿಯ ಎನ್‌ಮ್ಯಾಪ್ ಉಪಗ್ರಹ: 30 ಮೀಟರ್, ಪೂರ್ತಿ ಪಟ್ಟಿ, ನೋಂದಾಯಿಸಿದರೆ ಉಚಿತ. ಮೋಡವಿಲ್ಲದ ಒಂದು ದಿನ ಸಿಕ್ಕರೂ 620ರ ತಗ್ಗು ನಿಮ್ಮ ಕೆರೆಯಲ್ಲಿ ಇದೆಯೇ ಎಂಬುದಕ್ಕೆ ಸಾಕ್ಷಿ ಸಿಗುತ್ತದೆ.

ನಳಿಗೆ_ಬಾಗಲಕೋಟೆ

ಗುಲಾಬಿ ಹೊಂಡದ ವಿಷಯ. ಲೋಣಾರದ ಜೀವಿ ಇರಲಿಕ್ಕಿಲ್ಲ. ಅಲ್ಲಿ 2020ರ ಜೂನ್‌ನಲ್ಲಿ ಕಂಡದ್ದು ಹ್ಯಾಲೊಆರ್ಕಿಯಾ ಎಂಬ ಸೂಕ್ಷ್ಮಜೀವಿ, ಅವಕ್ಕೆ ಉಪ್ಪು ದಟ್ಟವಾಗಿರಬೇಕು. ಅವುಗಳ ಕೆಂಪು ವರ್ಣದ್ರವ್ಯ ಬ್ಯಾಕ್ಟೀರಿಯೊರುಬೆರಿನ್ 470, 500, 530ರ ಸುಮಾರಿಗೆ ಹೀರುತ್ತದೆ. ಸಕ್ಕರೆ, ಬೆಲ್ಲ, ಮೊಲ್ಯಾಸಿಸ್ ಸಂಬಂಧದ ಹೊಂಡದಲ್ಲಿ ಉಪ್ಪಿಗಿಂತ ಸಾವಯವ ಕೊಳೆ ಜಾಸ್ತಿ, ತಳದಲ್ಲಿ ಆಮ್ಲಜನಕ ಇರುವುದಿಲ್ಲ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅಂಥ ಕಡೆ ಮೊದಲು ಅನುಮಾನಪಡಬೇಕಾದದ್ದು ನೇರಳೆ ಗಂಧಕ ಬ್ಯಾಕ್ಟೀರಿಯಾ. ಸೂಕ್ಷ್ಮದರ್ಶಕದಲ್ಲಿ ಕೋಶದೊಳಗೆ ಹೊಳೆಯುವ ಗಂಧಕದ ಕಾಳು ಕಂಡರೆ ಅನುಮಾನ ಗಟ್ಟಿಯಾಯಿತು.

ಅದಕ್ಕಿಂತ ಮೊದಲು ಎರಡು ಮೋಸ ತೆಗೆದುಹಾಕಿ. ಬಿಸಿಲಿಗೆ ಅಜೋಲಾ ಎಂಬ ತೇಲುವ ಜರೀಗಿಡ ಕೆಂಪಾಗುತ್ತದೆ, ಮೇಲಿನಿಂದ ನೋಡಿದರೆ ಅದೇ ಗುಲಾಬಿ ಪಟ್ಟಿ. ಕೈಗೆತ್ತಿಕೊಂಡರೆ ಸಣ್ಣ ಎಲೆ ಕಾಣುತ್ತದೆ, ಮುಗಿಯಿತು. ಇನ್ನೊಂದು ಯೂಗ್ಲೀನಾ ಸ್ಯಾಂಗ್ವಿನಿಯಾ ಎಂಬ ಏಕಕೋಶ ಜೀವಿ. ಅದರ ಕೆಂಪು ವರ್ಣದ್ರವ್ಯ ಅಸ್ಟಾಕ್ಸಾಂಥಿನ್ ಬಿಸಿಲಿಗೆ ಕೋಶದ ತುಂಬ ಹರಡಿ ನೆರಳಿಗೆ ಒಳಸರಿಯುತ್ತದೆ. ಬೆಳಿಗ್ಗೆ ಹಸಿರು, ಮಧ್ಯಾಹ್ನ ಕೆಂಪು ಎಂದರೆ ಅದೇ.

ನೇರಳೆ ಬ್ಯಾಕ್ಟೀರಿಯಾವೇ ಆಗಿದ್ದರೆ ಅದರ ಬ್ಯಾಕ್ಟೀರಿಯೊಕ್ಲೋರೊಫಿಲ್-ಎ ಜೀವಂತ ಕೋಶದಲ್ಲಿ 800ರ ಬಳಿ ಒಂದು, 850ರಿಂದ 890ರ ನಡುವೆ ಒಂದೆರಡು ತಗ್ಗು ಕೊಡುತ್ತದೆ. ಮೊಲ್ಯಾಸಿಸ್ಸಿನ ಕಂದು ಬಣ್ಣ 600ರ ಕೆಳಗಿನದೆಲ್ಲವನ್ನೂ ಮುಚ್ಚಿಹಾಕುತ್ತದೆ, ಇನ್ಫ್ರಾರೆಡ್ಡನ್ನು ಹೆಚ್ಚು ಮುಟ್ಟುವುದಿಲ್ಲ. ಕಂದು ಹೊಂಡದಲ್ಲಿ ಹುಡುಕಬೇಕಾದ್ದು ಅಲ್ಲೇ. ಆದರೆ ನೀರಿನ ಸ್ವಂತ ಹೀರಿಕೆ 800ರಲ್ಲಿ ಮೀಟರಿಗೆ ಸುಮಾರು 2, 850ರಲ್ಲಿ 4ಕ್ಕೂ ಮೇಲೆ. ಬೆಳಕು ಇಳಿದು ಮತ್ತೆ ಏರಿ ಬರಬೇಕು. ಬ್ಯಾಕ್ಟೀರಿಯಾ ಪದರ ಒಂದು ಗೇಣಿಗಿಂತ ಆಳಕ್ಕಿದ್ದರೆ 850ರ ತಗ್ಗನ್ನು ವಿಮಾನದಿಂದ ನೋಡುವ ಆಸೆ ಬಿಡಬೇಕು. ಮ್ಯಾವಿಕ್‌ನ 860ರ ಬ್ಯಾಂಡ್ ಆ ತಗ್ಗಿನ ಮೇಲೇ ಕೂತಿದೆ ನಿಜ, ಆದರೆ ಹೋಲಿಸಲು ಪಕ್ಕದಲ್ಲಿ ಬ್ಯಾಂಡ್ ಇಲ್ಲ. ಅಲ್ಲಿ ಕಪ್ಪು ಕಂಡರೆ ಬ್ಯಾಕ್ಟೀರಿಯಾವೋ ಬರೀ ನೀರೋ ಹೇಳಲು ಬರುವುದಿಲ್ಲ.

ಗಾಳಿಪಟ_ಬೆಳಗಾವಿ

ಹೊಂಡದ ದಂಡಿಗೆ ಒಬ್ಬರೇ ಬಗ್ಗಬ್ಯಾಡ್ರಿ, ಆ ವಾಸನಿ ಹೈಡ್ರೋಜನ್ ಸಲ್ಫೈಡ್. ವಾಸನಿ ಒಮ್ಮೆಲೆ ನಿಂತಂಗ ಆದ್ರ ಗಾಳಿ ಚಲೋ ಆತು ಅಂತಲ್ಲ, ಮೂಗು ಸತ್ತೈತಿ ಅಂತ. ಉದ್ದನ ಕೋಲಿಗೆ ಬಾಟಲಿ ಕಟ್ಟಿ ತಗೀರಿ, ಗಾಳಿ ಬೆನ್ನಿಗೆ ಇರಲಿ.

ಕೆರೆದಂಡೆ_ವಿಜಯಪುರ

ಆಗಲಿ ಸರ್. ಹೊಂಡದ ಮಾದರಿಗೂ ಅದೇ 90% ಅಸಿಟೋನ್ ನಡೀತದಾ?

ನಳಿಗೆ_ಬಾಗಲಕೋಟೆ

ಬೇಡ. ಅಸಿಟೋನ್ ಏಳು ಪಾಲು, ಮೆಥನಾಲ್ ಎರಡು ಪಾಲು. ಬ್ಯಾಕ್ಟೀರಿಯೊಕ್ಲೋರೊಫಿಲ್-ಎ ಹೀರಿಕೆಯ ಶಿಖರ 770ರ ಹತ್ತಿರ ಬರಬೇಕು. ಬಾಟಲಿಯನ್ನು ಕಂಠದವರೆಗೆ ತುಂಬಿ ಗಾಳಿಗುಳ್ಳೆ ಇಲ್ಲದಂತೆ ಮುಚ್ಚಿ, ಕತ್ತಲಲ್ಲಿ ತಂದು, ಕರಗಿಸಿದ ಒಂದೆರಡು ಗಂಟೆಯೊಳಗೆ ಓದಿ. ಗಾಳಿ ಬೆಳಕು ತಾಗಿ ಉತ್ಕರ್ಷಣೆ ಆದರೆ 770 ಕುಗ್ಗಿ 680ರ ಆಸುಪಾಸು ಹೊಸ ಶಿಖರ ಏಳುತ್ತದೆ, ಅದನ್ನು ಕ್ಲೋರೊಫಿಲ್-ಎ ಎಂದು ಬರೆದುಬಿಡುವ ಅಪಾಯ ಇದೆ. ಹಾಗಾಗಿ ಬಿಡಿ ತರಂಗಾಂತರದಲ್ಲಿ ಓದದೆ 400ರಿಂದ 900ರವರೆಗೆ ಪೂರ್ತಿ ಸ್ಕ್ಯಾನ್ ಹಾಕಿ, ಹತ್ತು ನಿಮಿಷ ಬಿಟ್ಟು ಇನ್ನೊಂದು ಹಾಕಿ. ಎರಡನೇ ಗೆರೆಯಲ್ಲಿ 770 ಇಳಿದು 680 ಏರಿದ್ದರೆ ಆ ಮಾದರಿ ಕೆಟ್ಟಿದೆ, ಹೊಸದು ತನ್ನಿ.